‘ಜಿಗ್ಗಿ ಸ್ಟಾರ್‌ಡಸ್ಟ್’: ವೇಷ, ಸರ್ವನಾಮ, ಸಹೃದಯ

ಬಣ್ಣ ಹಚ್ಚಿಕೊಂಡು, ತಾನು ಬಣ್ಣ ಹಚ್ಚಿಕೊಂಡಿರುವೆನೆಂಬುದನ್ನು ಸಾರಿ ಹೇಳುತ್ತಲೇ ರಂಗಕ್ಕೆ ಬಂದ ಗಾಯಕನೊಬ್ಬನ ಹಾಡನ್ನು ಕೇಳಿ, ಇದು ನನ್ನೊಬ್ಬನಿಗಾಗಿಯೇ ಹಾಡಿದ ಹಾಡು ಎಂದು ಒಬ್ಬರನ್ನೊಬ್ಬರು ಅರಿಯದ ಸಾವಿರಾರು ಮಂದಿ ಬೇರೆ ಬೇರೆಯಾಗಿ ನಂಬುವುದುಂಟೆ? ನಂಬಿದರೆ ಅದರ ಕಾರಣವನ್ನು ಎಲ್ಲಿ ಹುಡುಕಬೇಕು? ೧೯೭೨ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ‘ದಿ ರೈಸ್ ಅಂಡ್ ಫಾಲ್ ಆಫ್ ಜಿಗ್ಗಿ ಸ್ಟಾರ್‌ಡಸ್ಟ್ ಅಂಡ್ ದಿ ಸ್ಪೈಡರ್ಸ್ ಫ್ರಂ ಮಾರ್ಸ್’ ಎಂಬ ನೀಳವಾದ ಹೆಸರಿನ ಧ್ವನಿಮುದ್ರಿಕೆಯನ್ನು ಕುರಿತು ಯೋಚಿಸುವಾಗ ಮೊದಲು ಏಳುವ ಪ್ರಶ್ನೆ ಇದು. ಅದನ್ನು ರಚಿಸಿ ಹಾಡಿದ ಡೇವಿಡ್ ಬೋವಿಗೆ ಆಗ ೨೫ ವರ್ಷ ವಯಸ್ಸು. ಹನ್ನೊಂದು ಹಾಡುಗಳನ್ನೊಳಗೊಂಡು ನಲವತ್ತು ನಿಮಿಷಗಳೊಳಗಾಗಿ ಮುಗಿಯುವ ಈ ಕೃತಿ, ಅರ್ಧ ಶತಮಾನ ಕಳೆದ ಮೇಲೂ, ಕರ್ತೃ ೨೦೧೬ರಲ್ಲಿ ತೀರಿಕೊಂಡ ಮೇಲೂ, ಹೊಸ ಕೇಳುಗರನ್ನು ಪಡೆಯುತ್ತಲೇ ಇದೆ. ಅದರ ಆಕರ್ಷಣೆಯ ನೆಲೆಯನ್ನು ಕಾವ್ಯವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಸಂಗೀತಶಾಸ್ತ್ರಜ್ಞರು ಮಾಡಬೇಕಾದ ಕೆಲಸವನ್ನು ನಾವು ಕೈಗೆತ್ತಿಕೊಂಡಿಲ್ಲ. ಆದರೂ ಹಾಡಿನ ಮಾತನ್ನು ಅದರ ನಾದದಿಂದ ಸಿಪ್ಪೆ ಸುಲಿದಂತೆ ಬೇರ್ಪಡಿಸಲಾಗದಾದುದರಿಂದ ಅಲ್ಲಲ್ಲಿ ನಾದದ ಪ್ರಸ್ತಾಪವೂ ಅನಿವಾರ್ಯವಾಗಿ ಬರುತ್ತದೆ.

‘ಗ್ಲ್ಯಾಮ್ ರಾಕ್’ ಎಂದು ಹೆಸರಾದ ಪಂಥದ ಹಿನ್ನೆಲೆಯನ್ನು ಎರಡು ಮಾತುಗಳಲ್ಲಿ ಹೇಳಬಹುದು. ೧೯೬೦ರ ದಶಕದ ಕೊನೆಯ ಹೊತ್ತಿಗೆ ರಾಕ್ ಸಂಗೀತದಲ್ಲಿ ಪ್ರಾಮಾಣಿಕತೆ ಎಂಬುದು ಒಂದು ವ್ರತವೇ ಆಗಿದ್ದಿತು. ಹಾಡುವವನು ತಾನು ಬದುಕಿದ್ದನ್ನೇ ಹಾಡಬೇಕು. ಮಾಸಿದ ಬಟ್ಟೆಯೂ ಬಾಚದ ತಲೆಯೂ ಆ ಸತ್ಯಕ್ಕೆ ಸಾಕ್ಷಿ ನುಡಿಯಬೇಕು. ಈ ವ್ರತವನ್ನು ಮುರಿದವರಲ್ಲಿ ಮೊದಲಿಗನಾದ ಮಾರ್ಕ್ ಬೋಲನ್ ೧೯೭೧ರಲ್ಲಿ ಕಣ್ಣಿನ ಕೆಳಗೆ ಮಿನುಗು ಪುಡಿ ಬಳಿದುಕೊಂಡು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡನು. ಬೋವಿ ಆ ದಾರಿಯಲ್ಲಿ ಇನ್ನಷ್ಟು ದೂರ ನಡೆದನು. ಲಿಂಡ್ಸೆ ಕೆಂಪ್ ಎಂಬ ಮೂಕಾಭಿನಯದ ಕಲಾವಿದನ ಬಳಿ ಅವನು ಕಲಿತಿದ್ದನು. ಮುಖವೂ ಮೈಯೂ ನಟನ ಸಾಮಗ್ರಿಗಳೆಂಬ ಅರಿವು ಅವನಿಗೆ ಹಾಡುಗಾರರಿಂದ ಬಂದುದಲ್ಲ, ರಂಗಭೂಮಿಯಿಂದ ಬಂದುದು. ಜಿಗ್ಗಿ ಸ್ಟಾರ್‌ಡಸ್ಟ್ ಎಂಬ ಕಲ್ಪಿತ ನಾಯಕನನ್ನು ಅವನು ಹರಕು ತುಂಡುಗಳನ್ನು ಹೊಲಿದು ಕೌದಿ ಮಾಡುವಂತೆ ಕಟ್ಟಿದನು. ಬುದ್ಧಿಭ್ರಮಣೆಗೊಳಗಾಗಿ ತಾನು ದೇವದೂತನೆಂದು ಸಾರಿಕೊಂಡ ವಿನ್ಸ್ ಟೇಲರ್ ಎಂಬ ಹಳೆಯ ಗಾಯಕ ಅದರ ಒಂದು ತುಂಡು. ಅಮೆರಿಕದ ಇಗ್ಗಿ ಪಾಪ್ ಇನ್ನೊಂದು. ‘ಲೆಜೆಂಡರಿ ಸ್ಟಾರ್‌ಡಸ್ಟ್ ಕೌಬಾಯ್’ ಎಂಬ ವಿಚಿತ್ರ ಹಾಡುಗಾರನ ಹೆಸರಿನ ಚೂರು ಮತ್ತೊಂದು.

ಈ ಕೃತಿಯನ್ನು ಕುರಿತು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ಇದು ಒಂದೇ ಕಥೆಯನ್ನು ಆದ್ಯಂತವಾಗಿ ಹೇಳುವ ಗೀತಮಾಲೆ. ಲೋಕ ಐದು ವರ್ಷಗಳಲ್ಲಿ ಅಳಿಯಲಿದೆ. ಆಗ ಒಬ್ಬ ರಾಕ್ ಗಾಯಕ ತಾರಾಲೋಕದ ಸಂದೇಶವನ್ನು ಹೊತ್ತು ಬರುತ್ತಾನೆ, ಮೇಲೇರುತ್ತಾನೆ, ತನ್ನ ಅಹಂಕಾರದಿಂದಲೂ ಅಭಿಮಾನಿಗಳಿಂದಲೂ ನಾಶವಾಗುತ್ತಾನೆ. ನಾವು ಮೊದಲ ಸಲ ಈ ಮುದ್ರಿಕೆಯನ್ನು ಕೇಳಿದಾಗ ಇದೇ ಮಾತನ್ನು ನಂಬಿ, ಹಾಡುಗಳ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಕಥಾಸೂತ್ರವನ್ನು ಹುಡುಕಿದೆವು. ನಿರಾಶೆಯೇ ಆಯಿತೆಂದು ಒಪ್ಪಿಕೊಳ್ಳಬೇಕು. ಮೊದಲನೆಯ ಮಗ್ಗುಲಿನಲ್ಲಿ ಜಿಗ್ಗಿಯ ಹೆಸರೇ ಬರುವುದಿಲ್ಲ. ಆ ಮಗ್ಗುಲನ್ನು ಮುಗಿಸುವ ‘ಇಟ್ ಏಂಟ್ ಈಜಿ’ ರಾನ್ ಡೇವಿಸ್ ಎಂಬ ಬೇರೊಬ್ಬನ ರಚನೆ. ಅದು ಹಿಂದಿನ ಮುದ್ರಿಕೆಯ ಕಾಲದಲ್ಲಿ ಹಾಡಿ ಉಳಿಸಿಕೊಂಡದ್ದು, ಈ ಕಥೆಗೂ ಅದಕ್ಕೂ ಸಂಬಂಧವಿಲ್ಲ. ‘ಮೂನೇಜ್ ಡೇಡ್ರೀಮ್’, ‘ಹ್ಯಾಂಗ್ ಆನ್ ಟು ಯುವರ್‌ಸೆಲ್ಫ್’ ಎಂಬೆರಡು ಹಾಡುಗಳು ೧೯೭೧ರಲ್ಲಿಯೇ ‘ಆರ್ನಾಲ್ಡ್ ಕಾರ್ನ್ಸ್’ ಎಂಬ ಬೇರೆ ಹೆಸರಿನ ತಂಡದ ಮೂಲಕ ಬಂದಿದ್ದುವು. ಜಿಗ್ಗಿಯ ಕಥೆಯನ್ನು ಬೋವಿ ವಿಸ್ತಾರವಾಗಿ ಬಿಡಿಸಿ ಹೇಳಿದ್ದು ೧೯೭೩ರ ಕೊನೆಯಲ್ಲಿ, ಅಮೆರಿಕದ ಕಾದಂಬರಿಕಾರ ವಿಲಿಯಂ ಬರೋಸ್‌ನೊಡನೆ ನಡೆಸಿದ ಸಂಭಾಷಣೆಯಲ್ಲಿ. ಅಂದರೆ ಕಾವ್ಯ ಹೊರಬಂದು ಒಂದೂವರೆ ವರ್ಷವಾದ ಮೇಲೆ ಕವಿಯೇ ಟೀಕೆ ಬರೆದಂತಾಯಿತು. ಕವಿಯ ಸ್ವಕೃತ ಟೀಕೆಗೆ ಕಾವ್ಯದಷ್ಟೇ ಪ್ರಾಮಾಣ್ಯವಿದೆಯೆಂದು ನಮ್ಮ ವಿದ್ಯಾರ್ಥಿಗಳೂ ಇಂದು ಒಪ್ಪಲಾರರು.

ಹಾಗಾದರೆ ಇದು ಬಿಡಿ ಹಾಡುಗಳ ಗಂಟು ಮಾತ್ರವೆ? ಹಾಗೆಂದು ಬಿಡಲೂ ಮನಸ್ಸೊಪ್ಪದು. ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಕೇಳಿದಾಗ ಏನೋ ಒಂದು ನಮ್ಮತ್ತ ನಡೆದು ಬಂದಂತೆ ತೋರುತ್ತದೆ. ಆ ‘ಏನೋ ಒಂದ’ನ್ನು ಕಥೆಯಲ್ಲಿ ಹುಡುಕದೆ ಸರ್ವನಾಮಗಳಲ್ಲಿ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲು ‘ಅವನು’ ಎಂಬುದನ್ನು ನೋಡೋಣ. ನಾಯಕನ ಹೆಸರನ್ನೇ ಹೊತ್ತ ಹಾಡು ಎರಡನೆಯ ಮಗ್ಗುಲಿನ ನಾಲ್ಕನೆಯದು. ಅದರಲ್ಲಿ ಮಾತನಾಡುವವನು ಜಿಗ್ಗಿಯಲ್ಲ, ಅವನ ತಂಡದಲ್ಲಿ ವಾದ್ಯ ನುಡಿಸುತ್ತಿದ್ದ ಒಬ್ಬ. ಅವನ ದನಿಯಲ್ಲಿ ಮೆಚ್ಚುಗೆಯಿದೆ. ಅದಕ್ಕಿಂತ ಹೆಚ್ಚಾಗಿ ಅಸೂಯೆಯಿದೆ. ನಾಯಕನ ಕೈಚಳಕವನ್ನು ಹೊಗಳುತ್ತಲೇ ಆ ಕೈಗಳನ್ನು ಜಜ್ಜಿಬಿಡಬೇಕೆನ್ನಿಸಿತೆಂದೂ ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ‘ಲೇಡಿ ಸ್ಟಾರ್‌ಡಸ್ಟ್’ ಎಂಬ ಹಾಡಿನಲ್ಲಿಯೂ ಬಣ್ಣದ ಮುಖದ ಗಾಯಕ ‘ಅವನು’ ಆಗಿಯೇ ಬರುತ್ತಾನೆ; ಅವನನ್ನು ನೋಡಿ ಜನ ನಗುತ್ತಾರೆ, ಗುಂಪಿನಲ್ಲಿ ನಿಂತ ಒಬ್ಬ ಮಾತ್ರ ಬೇರೆ ಭಾವದಿಂದ ನೋಡುತ್ತಾನೆ. ‘ಸ್ಟಾರ್’ ಹಾಡಿನಲ್ಲಿ ‘ನಾನು’ ಇದೆ. ಆದರೆ ಅದು ಇನ್ನೂ ಏನೂ ಆಗದ, ತಾರೆಯಾಗಬೇಕೆಂದು ಹಂಬಲಿಸುವ ಒಬ್ಬನ ‘ನಾನು’. ಅಂತೂ ಜಿಗ್ಗಿ ತಾನಾಗಿ ಬಾಯಿ ತೆರೆದು ಇದು ನಾನು ಎಂದು ಹೇಳುವ ಹಾಡು ಇಡೀ ಮುದ್ರಿಕೆಯಲ್ಲಿ ಒಂದೂ ಇಲ್ಲವೆನ್ನಬಹುದು. ‘ಮೂನೇಜ್ ಡೇಡ್ರೀಮ್’ ಒಂದನ್ನು ಕೆಲವರು ಅವನ ಬಾಯಿಗೆ ಹಾಕುತ್ತಾರೆ; ಹಾಗೆ ಹಾಕಲು ಹಾಡಿನೊಳಗೆ ಆಧಾರವಿಲ್ಲ. ಅವನ ಏಳಿಗೆಯನ್ನೂ ಬೀಳುವಿಕೆಯನ್ನೂ ನಾವು ಕಾಣುವುದಿಲ್ಲ, ನೆರೆಯವರ ಬಾಯಿಂದ ಕೇಳುತ್ತೇವೆ. ನಾಯಕನಿರಬೇಕಾದ ಕಡೆ ಒಂದು ಟೊಳ್ಳನ್ನು ಬಿಟ್ಟು ಸುತ್ತಲೂ ಗೋಡೆ ಎಬ್ಬಿಸಿದಂತಿದೆ ಈ ರಚನೆ.

ಇನ್ನು ‘ನೀನು’. ಮೊದಲ ಹಾಡು ‘ಫೈವ್ ಇಯರ್ಸ್’. ಲೋಕಕ್ಕೆ ಐದೇ ವರ್ಷ ಆಯಸ್ಸು ಎಂಬ ಸುದ್ದಿ ಬಂದಿದೆ. ಸುದ್ದಿ ಹೇಳುವವನೇ ಅತ್ತಿದ್ದಾನೆ. ಹಾಡುವವನು ಪೇಟೆಯ ಚೌಕದಲ್ಲಿ ಅಲೆಯುತ್ತ ಕಂಡಕಂಡವರನ್ನೆಲ್ಲ ಕಣ್ಣಿಗೆ ತುಂಬಿಕೊಳ್ಳುತ್ತಾನೆ. ಹೀಗೆ ಮುಖಗಳ ಪಟ್ಟಿ ಬೆಳೆಯುತ್ತಿರುವಾಗ, ಒಂದು ಐಸ್‌ಕ್ರೀಮ್ ಅಂಗಡಿಯಲ್ಲಿ ತಣ್ಣನೆಯ ಹಾಲು ಕುಡಿಯುತ್ತ ಕುಳಿತ ‘ನಿನ್ನ’ನ್ನು ಕಂಡಂತಾಯಿತು ಎನ್ನುತ್ತಾನೆ. ನಗುತ್ತ, ಕೈಬೀಸುತ್ತ ಕುಳಿತ ಆ ‘ನೀನು’ಗೆ ತಾನು ಈ ಹಾಡಿನೊಳಗೆ ಬಂದಿರುವೆನೆಂಬ ಅರಿವೇ ಇಲ್ಲವೆಂದೂ ಸೇರಿಸುತ್ತಾನೆ. ಕೇಳುಗ ಬೆಚ್ಚುವುದು ಇಲ್ಲಿ. ತಾನು ಹೊರಗೆ ಕುಳಿತು ಕೇಳುತ್ತಿರುವೆನೆಂದುಕೊಂಡವನಿಗೆ ತಾನು ಒಳಗಿರುವುದು ಗೊತ್ತಾಗುತ್ತದೆ. ಆದರೂ ಇದು ದೂರದ ನೋಟ; ಗಾಜಿನಾಚೆಯಿಂದ ಕಂಡ ಮುಖ. ನಾಲ್ಕನೆಯ ಹಾಡಾದ ‘ಸ್ಟಾರ್‌ಮನ್’ನಲ್ಲಿ ದೂರ ಕಡಿಮೆಯಾಗುತ್ತದೆ. ರಾತ್ರಿ ರೇಡಿಯೋದಲ್ಲಿ ಹಾಡು ಮಸುಳಿ ಬೇರೊಂದು ದನಿ ಕೇಳಿಸಿದಾಗ, ಅದನ್ನು ಯಾರಿಗಾದರೂ ಹೇಳದೆ ಇರಲಾರದೆ ಹುಡುಗನೊಬ್ಬ ಟೆಲಿಫೋನ್ ಮಾಡುತ್ತಾನೆ, ಮಾಡುವುದು ‘ನಿನಗೆ’. ಈಗ ಮುಖವಿಲ್ಲ, ದನಿಯಿದೆ. ಕೊನೆಯ ಹಾಡು ‘ರಾಕ್ ಎನ್ ರೋಲ್ ಸೂಸೈಡ್’. ಬೀದಿಯಲ್ಲಿ ತಡವರಿಸುತ್ತ ಬದುಕನ್ನು ಕೈಬಿಡಲು ಹೊರಟ ಒಬ್ಬನನ್ನು ಅದು ‘ನೀನು’ ಎಂದೇ ಕರೆಯುತ್ತ ಹೋಗುತ್ತದೆ. ಮೊದಲ ಸಾಲುಗಳಲ್ಲಿ ಆ ‘ನೀನು’ ಸೋತ ಗಾಯಕ. ಹಾಡು ಏರುತ್ತ ಬಂದಂತೆ, ಪದ ಬದಲಾಗದೆ, ಅರ್ಥ ಮಾತ್ರ ಸರಿದು ಅದು ಕೇಳುಗನಾಗುತ್ತದೆ. ಕೊನೆಗೆ ಹಾಡುವವನು ಒಂಟಿತನವನ್ನು ಅಲ್ಲಗಳೆದು ಕೈ ಚಾಚುತ್ತಾನೆ. ನೋಟ, ದನಿ, ಸ್ಪರ್ಶ: ‘ಅವನು’ ಮಸುಕಾಗುತ್ತ ಹೋದಷ್ಟೂ ‘ನೀನು’ ಹತ್ತಿರವಾಗುತ್ತ ಬರುತ್ತದೆ. ಮುದ್ರಿಕೆಯ ನಿಜವಾದ ಕಥೆ ಇದೆಂದು ನಮಗೆ ತೋರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ‘ಸ್ಟಾರ್‌ಮನ್’ ಮೊದಲ ಯೋಜನೆಯಲ್ಲಿ ಇರಲೇ ಇಲ್ಲ. ಬಿಡಿಯಾಗಿ ಮಾರಲು ಒಂದು ಹಾಡು ಬೇಕೆಂದು ಮುದ್ರಿಕೆಯ ಕಂಪನಿ ಬಯಸಿದ್ದರಿಂದ ೧೯೭೨ರ ಫೆಬ್ರವರಿಯಲ್ಲಿ ಅದನ್ನು ಬರೆದು ಹಾಡಿ, ಚಕ್ ಬೆರಿಯ ಹಳೆಯ ಹಾಡೊಂದನ್ನು ತೆಗೆದು ಆ ಜಾಗದಲ್ಲಿ ಸೇರಿಸಲಾಯಿತು. ಆದುದರಿಂದ ನಾವು ಹೇಳುವ ಮೂರು ಮೆಟ್ಟಿಲುಗಳನ್ನು ಕವಿ ಮೊದಲೇ ಕಂಡಿದ್ದನೆನ್ನುವುದು ಹೇಗೆ? ಕಂಡಿದ್ದನೆಂದು ನಾವು ಹೇಳುವುದೂ ಇಲ್ಲ. ನಡುವಣ ಮೆಟ್ಟಿಲನ್ನು ವ್ಯಾಪಾರದ ಒತ್ತಾಯವೇ ಕಟ್ಟಿಸಿತು. ಕಲೆಗೆ ವ್ಯಾಪಾರ ಮಾಡಿದ ಉಪಕಾರಗಳ ಪಟ್ಟಿ ಉದ್ದವಾದುದಲ್ಲ. ಇದ್ದಷ್ಟನ್ನು ಕೃತಜ್ಞತೆಯಿಂದ ನೆನೆಯೋಣ. ಕರ್ತೃವಿನ ಸಂಕಲ್ಪ ಏನೇ ಇರಲಿ, ಕೇಳುಗನ ಕೈಗೆ ಬಂದ ಕೃತಿಯಲ್ಲಿ ಮೆಟ್ಟಿಲು ಇದೆ.

ಭಾಷೆಯ ದೃಷ್ಟಿಯಿಂದ ಒಂದು ಅಂಶವನ್ನು ಗಮನಿಸಬೇಕು. ಮೇಲೆ ನಾವು ‘ನೀನು’ ಎಂದೇ ಬರೆಯುತ್ತ ಬಂದೆವು. ಅದು ನಮ್ಮ ಆಯ್ಕೆ, ಮೂಲದ್ದಲ್ಲ. ಇಂದಿನ ಇಂಗ್ಲಿಷಿನಲ್ಲಿ ಮಧ್ಯಮಪುರುಷಕ್ಕೆ ಏಕವಚನ ಬಹುವಚನಗಳ ಭೇದವಿಲ್ಲ, ಸಲಿಗೆ ಗೌರವಗಳ ಭೇದವೂ ಇಲ್ಲ. ಸಾವಿರ ಜನರ ಸಭೆಯನ್ನೂ ಹಾಸಿಗೆಯ ಅಂಚಿನಲ್ಲಿ ಕುಳಿತ ಒಬ್ಬನನ್ನೂ ಅದೇ ಒಂದು ಪದ ಕರೆಯುತ್ತದೆ. ಕೊನೆಯ ಹಾಡನ್ನು ಕನ್ನಡಕ್ಕೆ ತರಹೊರಟವನು ಮೊದಲ ಸಾಲಿನಲ್ಲಿಯೇ ಇಕ್ಕಟ್ಟಿಗೆ ಸಿಕ್ಕುತ್ತಾನೆ. ‘ನೀವು’ ಎಂದರೆ ಅದು ಸಭೆಗೆ ಮಾಡಿದ ಭಾಷಣವಾಗುತ್ತದೆ. ‘ನೀನು’ ಎಂದರೆ ಸಭೆ ಇಲ್ಲವಾಗುತ್ತದೆ. ಎರಡನ್ನೂ ಒಟ್ಟಿಗೆ ಹೇಳುವುದರಲ್ಲಿಯೇ ಆ ಹಾಡಿನ ಜೀವವಿದೆ. ಒಂದು ಭಾಷೆಯ ಬಡತನವೆಂದು ವ್ಯಾಕರಣಕಾರರು ಬಗೆಯಬಹುದಾದ ಸಂಗತಿ ಇಲ್ಲಿ ಸಂಪತ್ತಾಗಿ ಪರಿಣಮಿಸಿದೆ.

ಇದು ಬರಿಯ ಪದವಿಚಾರವಲ್ಲವೆಂಬುದಕ್ಕೆ ೧೯೭೨ರ ಜುಲೈ ೬ರಂದು ಬಿ.ಬಿ.ಸಿ.ಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮದಲ್ಲಿ ಪ್ರಸಾರವಾದ ‘ಸ್ಟಾರ್‌ಮನ್’ ಸಾಕ್ಷಿ. ಕೆಂಪು ಕೂದಲು, ಬಣ್ಣಬಣ್ಣದ ಬಿಗಿಯುಡುಪು, ನೀಲಿ ಗಿಟಾರು. ಹಾಡುತ್ತ ಬೋವಿ ಪಕ್ಕದಲ್ಲಿದ್ದ ಗಿಟಾರ್ ವಾದಕ ಮಿಕ್ ರಾನ್‌ಸನ್ನನ ಹೆಗಲ ಮೇಲೆ ಸಲಿಗೆಯಿಂದ ತೋಳಿಟ್ಟನು. ಟೆಲಿಫೋನಿನ ಸಾಲು ಬಂದಾಗ ‘ನೀನು’ ಎಂಬ ಮಾತಿಗೆ ಸರಿಯಾಗಿ ಬೆರಳನ್ನು ನೇರವಾಗಿ ಕ್ಯಾಮೆರಾದತ್ತ ತೋರಿಸಿದನು. ಆ ಸಂಜೆ ಮನೆಯ ಕೊಠಡಿಯಲ್ಲಿ ತಂದೆತಾಯಿಗಳ ನಡುವೆ ಕುಳಿತು ಅದನ್ನು ನೋಡಿದ, ಮುಂದೆ ತಾವೇ ಗಾಯಕರಾದ ಹಲವರು, ಆ ಬೆರಳು ತಮ್ಮನ್ನೇ ತೋರಿಸಿತೆಂದು ಹೇಳಿಕೊಂಡಿದ್ದಾರೆ. ಇದರ ಭಾರವನ್ನರಿಯಲು ಆ ನಾಡಿನ ಅಂದಿನ ಸ್ಥಿತಿಯನ್ನು ನೆನೆಯಬೇಕು. ಪುರುಷರ ನಡುವಣ ಪ್ರೇಮಸಂಬಂಧ ಇಂಗ್ಲೆಂಡಿನಲ್ಲಿಯೂ ವೇಲ್ಸ್‌ನಲ್ಲಿಯೂ ಅಪರಾಧವಲ್ಲವೆನಿಸಿದ್ದು ೧೯೬೭ರಲ್ಲಿ. ಅದೂ ೨೧ ವರ್ಷ ತುಂಬಿದವರಿಗೆ, ಏಕಾಂತದಲ್ಲಿ ಮಾತ್ರ. ೧೯೭೨ರ ಜನವರಿಯಲ್ಲಿ ಬೋವಿ ‘ಮೆಲಡಿ ಮೇಕರ್’ ಪತ್ರಿಕೆಗೆ ತಾನು ಸಲಿಂಗಾನುರಾಗಿಯೆಂದು ಹೇಳಿದ್ದನು. ಅವನು ಆಗ ಗೃಹಸ್ಥ; ಆ ಮಾತು ಎಷ್ಟರ ಮಟ್ಟಿಗೆ ನಿಜ, ಎಷ್ಟರ ಮಟ್ಟಿಗೆ ವೇಷ ಎಂಬ ಚರ್ಚೆ ಇಂದಿಗೂ ನಿಂತಿಲ್ಲ, ಅವನೇ ಮುಂದೆ ಅದನ್ನು ಬೇರೆ ಬೇರೆ ಬಗೆಯಾಗಿ ಹೇಳಿದನು. ಸಣ್ಣ ಊರಿನ ಯಾವನೋ ಹುಡುಗನಿಗೆ ಆ ಚರ್ಚೆ ಬೇಕಿರಲಿಲ್ಲ. ತನ್ನ ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಸಂಗತಿಯೊಂದು ಹೆಗಲ ಮೇಲಿಟ್ಟ ತೋಳಾಗಿ, ತನ್ನತ್ತ ಚಾಚಿದ ಬೆರಳಾಗಿ ಎದುರಿಗೆ ಬಂದುದು ಅವನಿಗೆ ಸಾಕಾಗಿದ್ದಿತು.

ವೇಷದಿಂದ ಸತ್ಯವಾದ ಭಾವ ಹುಟ್ಟುವ ಬಗೆಯನ್ನು ನಮ್ಮ ಆಲಂಕಾರಿಕರು ಬಹುಕಾಲ ಚರ್ಚಿಸಿದ್ದಾರೆ. ಶಂಕುಕನ ಚಿತ್ರತುರಗನ್ಯಾಯ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಾಗ ನಮಗಾಗುವ ಅರಿವು ಸತ್ಯಜ್ಞಾನವಲ್ಲ, ಭ್ರಾಂತಿಯಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ನಟನನ್ನು ರಾಮನೆಂದು ಕಾಣುವುದೂ ಹಾಗೆಯೇ. ಇದಕ್ಕೆ ಅಭಿನವಗುಪ್ತನ ಗುರುವಾದ ಭಟ್ಟತೌತನು ಒಡ್ಡಿದ ಆಕ್ಷೇಪ ಬಲವಾದುದು: ಅನುಕರಣವೆನ್ನಬೇಕಾದರೆ ಮೂಲವನ್ನು ಕಂಡಿರಬೇಕು, ರಾಮನನ್ನು ಕಂಡ ಪ್ರೇಕ್ಷಕನಾರು? ಜಿಗ್ಗಿಯ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ರಾಮನಿಗಾದರೂ ಕಾವ್ಯಪ್ರಸಿದ್ಧಿಯುಂಟು. ಜಿಗ್ಗಿಗೆ ಮೂಲವೇ ಇಲ್ಲ. ಇದು ಹುಟ್ಟದ ಕುದುರೆಯ ಚಿತ್ರ. ಹೋಲುತ್ತದೆಯೋ ಇಲ್ಲವೋ ಎಂದು ಕೇಳಲು ಎಡೆಯೇ ಇಲ್ಲದುದರಿಂದ ಪ್ರೇಕ್ಷಕನ ಎದುರಿಗೆ ಉಳಿಯುವುದು, ಒಡೆಯನಿಲ್ಲದ ಭಾವವೊಂದೇ.

ಇಲ್ಲಿಯವರೆಗೆ ಶಾಸ್ತ್ರ ನಮ್ಮೊಡನೆ ಬರುತ್ತದೆ. ಮುಂದೆ ಒಂದು ತೊಡಕಿದೆ. ಸಾಧಾರಣೀಕರಣದಲ್ಲಿ ಭಾವವು ನನ್ನದು, ಶತ್ರುವಿನದು, ತಟಸ್ಥನದು ಎಂಬ ಹಂಗುಗಳನ್ನೆಲ್ಲ ಕಳಚಿಕೊಳ್ಳಬೇಕು. ತನ್ನ ಸ್ವಂತ ಸುಖದುಃಖಗಳಲ್ಲಿ ಮುಳುಗಿದವನಿಗೆ ರಸಾಸ್ವಾದವಿಲ್ಲ, ಅದು ರಸವಿಘ್ನ ಎನ್ನುತ್ತಾನೆ ಅಭಿನವಗುಪ್ತ. ಈ ಮುದ್ರಿಕೆಯ ಕೇಳುಗನಾದರೋ ‘ಇದು ನನ್ನದು’ ಎಂದೇ ಹಿಡಿದುಕೊಳ್ಳುತ್ತಾನೆ. ಶಾಸ್ತ್ರದಂತೆ ಇದು ದೋಷವೇ. ಆದರೆ ಶಾಸ್ತ್ರಕಾರನ ಪ್ರೇಕ್ಷಕನು ರಂಗಮಂದಿರದಲ್ಲಿ ನೂರಾರು ಜನರ ನಡುವೆ ಕುಳಿತವನು ಎಂಬುದನ್ನು ಮರೆಯಲಾಗದು. ಅವನಿಗೆ ಸಂಗಡಿಗರು ಮೊದಲೇ ಇದ್ದಾರೆ. ಬೇಕಾದುದು ತನ್ನತನದಿಂದ ಬಿಡುಗಡೆ. ಗ್ರಾಮಫೋನಿನ ಮುಂದೆ ಕುಳಿತವನು ಬಾಗಿಲು ಹಾಕಿಕೊಂಡಿದ್ದಾನೆ. ಅವನಿಗೆ ಇಲ್ಲದುದು ಸಂಗಡವೇ. ಅವನು ‘ನನ್ನದು’ ಎಂದಾಗ ಅದರ ಹಿಂದೆ, ನನ್ನಂಥವರು ಬೇರೆಯೂ ಇದ್ದಾರೆ ಎಂಬ ಅರಿವು ಅಡಗಿರುತ್ತದೆ. ಸ್ವಂತದ ಬಾಗಿಲಿಂದಲೇ ಸಾಧಾರಣಕ್ಕೆ ಹೊರಡುವ ಈ ದಾರಿ ಧ್ವನಿಮುದ್ರಣದ ಯುಗಕ್ಕೆ ವಿಶಿಷ್ಟವಾದುದು. ನಮ್ಮ ರಸವಿಚಾರದಲ್ಲಿ ಇದಕ್ಕೆ ಸ್ಥಳ ಕಲ್ಪಿಸಬೇಕೆಂದು ನಮಗೆ ತೋರುತ್ತದೆ.

ನಾದದ ವಿಚಾರದಲ್ಲಿ ಎರಡೇ ಸಂಗತಿಗಳನ್ನು ಹೇಳುತ್ತೇವೆ. ಮೊದಲ ಹಾಡೂ ಕೊನೆಯ ಹಾಡೂ ಮೂರರ ನಡೆಯವು. ಮೊದಲನೆಯದು ಬರಿಯ ಡ್ರಮ್ಮಿನ ಬಡಿತದಿಂದ, ದೂರದಿಂದ ಯಾರೋ ನಡೆದು ಬರುವಂತೆ ಕಿವಿಗೆ ಬೀಳುತ್ತದೆ. ಮಾತಿನಂತೆ ತಣ್ಣಗೆ ಶುರುವಾದ ಕಂಠ ಕೊನೆಗೆ ಕೂಗಾಗಿ ಒಡೆಯುತ್ತದೆ. ಆಮೇಲೆ ಮತ್ತೆ ಬರಿಯ ಡ್ರಮ್ಮು. ಆ ಹಾಡನ್ನು ಮುಗಿಸುವಾಗ ಬೋವಿ ಅಳುತ್ತಿದ್ದನೆಂದು ಮುದ್ರಣದ ಹೊಣೆ ಹೊತ್ತಿದ್ದ ಕೆನ್ ಸ್ಕಾಟ್ ಹೇಳಿದ್ದಾರೆ. ವೇಷಧಾರಿಯ ಕಣ್ಣೀರು! ಪ್ರಾಮಾಣಿಕತೆಯ ವ್ರತದವರು ಇದಕ್ಕೆ ಏನೆನ್ನುತ್ತಿದ್ದರೋ ತಿಳಿಯದು. ಎರಡನೆಯ ಸಂಗತಿ ರಾನ್‌ಸನ್ನನದು. ಹಲ್ ನಗರದ ಪುರಸಭೆಯಲ್ಲಿ ತೋಟಗಾರನಾಗಿ ದುಡಿಯುತ್ತಿದ್ದ ಈತನಿಗೆ ಬಾಲ್ಯದಲ್ಲಿ ಪಿಯಾನೋ ಪಿಟೀಲುಗಳ ಶಿಕ್ಷಣವಾಗಿದ್ದಿತು. ಗಿಟಾರಿನ ಅಬ್ಬರದ ಹಿಂದೆ ತಂತಿವಾದ್ಯಗಳ ಮೇಳವನ್ನು ಹೊಂದಿಸಿದವನು ಅವನೇ. ‘ಸ್ಟಾರ್‌ಮನ್’ನ ಪಲ್ಲವಿಯಲ್ಲಿ ಕಂಠ ಒಂದು ಇಡೀ ಸ್ಥಾಯಿಯಷ್ಟು ಮೇಲಕ್ಕೆ ಜಿಗಿಯುತ್ತದೆ, ೧೯೩೯ರ ‘ದಿ ವಿಜರ್ಡ್ ಆಫ್ ಓಜ್’ ಚಿತ್ರದ ಕಾಮನಬಿಲ್ಲಿನ ಹಾಡಿನಲ್ಲಿಯೂ ಇದೇ ಜಿಗಿತವಿದೆ. ಮಕ್ಕಳಾಗಿದ್ದಾಗ ಆ ಚಿತ್ರವನ್ನು ನೋಡಿದವರ ಕಿವಿಗೆ ಅದು ಹೊಸದಾಗಿಯೂ ಹಳೆಯದಾಗಿಯೂ ಕೇಳಿಸಿರಬೇಕು.

ಕೃತಿಯಲ್ಲಿ ಕುಂದುಗಳಿಲ್ಲವೆಂದಲ್ಲ. ‘ಇಟ್ ಏಂಟ್ ಈಜಿ’ ಅಲ್ಲಿರಬಾರದಿತ್ತು. ‘ಸೋಲ್ ಲವ್’ ಇಂಪಾಗಿದೆ, ಅಷ್ಟೆ. ‘ಸಫ್ರಜೆಟ್ ಸಿಟಿ’ಯ ಹುಮ್ಮಸ್ಸು ಕೇಳುಗನನ್ನು ಕುಣಿಸುತ್ತದೆಯೇ ಹೊರತು ಕೊನೆಯ ಹಾಡಿಗೆ ಸಿದ್ಧಗೊಳಿಸುವುದಿಲ್ಲ; ಅಥವಾ ಅದು ಮುಗಿದೊಡನೆ ಬೀಳುವ ಮೌನದಿಂದಲೇ ಸಿದ್ಧಗೊಳಿಸುತ್ತದೆ ಎಂದು ವಾದಿಸಬಹುದೇನೋ. ಇದಕ್ಕಿಂತ ಗಂಭೀರವಾದುದು, ಪಾತ್ರ ನಟನನ್ನೇ ನುಂಗತೊಡಗಿದ್ದು. ಜಿಗ್ಗಿ ಯಾರು, ತಾನು ಯಾರು ಎಂಬ ಎಲ್ಲೆ ತನಗೇ ಮಸುಕಾಗಿದ್ದಿತೆಂದು ಬೋವಿ ಮುಂದೆ ಹಲವು ಬಾರಿ ಹೇಳಿಕೊಂಡನು. ರಸವು ಅನುಕಾರ್ಯನಲ್ಲಿದ್ದು ಅನುಸಂಧಾನಬಲದಿಂದ ನಟನಲ್ಲಿಯೂ ತೋರುತ್ತದೆಂಬ ಲೊಲ್ಲಟನ ಮತವನ್ನು ನಮ್ಮವರು ಬೇಗನೆ ಬದಿಗಿಟ್ಟರು. ನಟನ ಪಾಲಿಗೆ ಅದರಲ್ಲಿರುವ ಅಪಾಯವನ್ನು ಹೆಚ್ಚಾಗಿ ಚರ್ಚಿಸಲಿಲ್ಲ.

ಮುದ್ರಿಕೆಯ ಹೊದಿಕೆಯನ್ನೂ ನೋಡಬೇಕು. ಲಂಡನ್ನಿನ ರೀಜೆಂಟ್ ಬೀದಿಯ ಪಕ್ಕದ ಹೆಡನ್ ಬೀದಿ ಎಂಬ ಓಣಿಯಲ್ಲಿ, ೧೯೭೨ರ ಜನವರಿಯ ಚಳಿಯ ರಾತ್ರಿ ಬ್ರಯನ್ ವಾರ್ಡ್ ಎಂಬ ಛಾಯಾಗ್ರಾಹಕ ಕಪ್ಪುಬಿಳುಪಿನಲ್ಲಿ ತೆಗೆದು, ಅನಂತರ ಕೈಯಿಂದ ಬಣ್ಣ ತುಂಬಿಸಿದ ಚಿತ್ರ ಅದು. ಮುಂಭಾಗದಲ್ಲಿ, ಅಂಗಡಿಯೊಂದರ ಫಲಕದ ಕೆಳಗೆ, ರಟ್ಟಿನ ಪೆಟ್ಟಿಗೆಗಳ ಪಕ್ಕದಲ್ಲಿ ಗಿಟಾರ್ ತೂಗುಹಾಕಿಕೊಂಡು ನಿಂತ ನಾಯಕ ಬಲು ಚಿಕ್ಕವನಾಗಿ ಕಾಣುತ್ತಾನೆ. ಚಿತ್ರದ ತುಂಬ ಇರುವುದು ಒದ್ದೆಯಾದ ಬೀದಿ. ಹಿಂಭಾಗದಲ್ಲಿ ಅವನು ಟೆಲಿಫೋನ್ ಪೆಟ್ಟಿಗೆಯೊಳಗೆ ನಿಂತು ಹೊರಗೆ ನೋಡುತ್ತಿದ್ದಾನೆ.

೧೯೭೩ರ ಜುಲೈ ೩ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ರಂಗಮಂದಿರದಲ್ಲಿ, ಮುಂಚಿತವಾಗಿ ತನ್ನ ತಂಡದ ಎಲ್ಲರಿಗೂ ತಿಳಿಸದೆಯೇ, ಇದು ತಮ್ಮ ಕೊನೆಯ ಪ್ರದರ್ಶನವೆಂದು ಬೋವಿ ಸಭೆಗೆ ಸಾರಿದನು. ಬಾಸ್ ಗಿಟಾರಿನ ಟ್ರೆವರ್ ಬೋಲ್ಡರನಿಗೂ ಡ್ರಮ್ಮಿನ ಮಿಕ್ ವುಡ್‌ಮನ್‌ಸಿಗೂ ಸುದ್ದಿ ತಲುಪಿದ್ದು ಸಭಿಕರೊಡನೆಯೇ, ವೇದಿಕೆಯ ಮೇಲೆಯೇ. ಜಿಗ್ಗಿಯ ಕಥೆ ಅಲ್ಲಿಗೆ ಮುಗಿಯಿತು. ಅನಂತರ ಅವನು ಹಾಡಿದ್ದು ‘ರಾಕ್ ಎನ್ ರೋಲ್ ಸೂಸೈಡ್’. ಡಿ. ಎ. ಪೆನಬೇಕರ್ ತೆಗೆದ ಚಲನಚಿತ್ರದಲ್ಲಿ ಆ ದೃಶ್ಯ ಉಳಿದಿದೆ: ವೇದಿಕೆಯ ಅಂಚಿನಲ್ಲಿ ಬಾಗಿದ ಗಾಯಕ, ಕತ್ತಲೆಯಿಂದ ಮೇಲೆದ್ದು ಬರುವ ಕೈಗಳು.